ಡಬ್ಬಿ ತೆಗೆದರೆ ಬ್ಯಾರನ್ ವಾಸನೆ

ಇಂಗ್ಲೆಂಡಿನ ಲ್ಯಾಂಕಾಸ್ಟರ್‌ಗೆ ಬಂದ ಎರಡನೇ ವರ್ಷ. ಸಂಜೆ ಹಿತ್ತಲಲ್ಲಿ ಒಣಗಿದ ಬಟ್ಟೆ ತೆಗೆಯುತ್ತಿದ್ದೆ. ಬೇಲಿಯಾಚೆಯಿಂದ ಒಂದು ವಾಸನೆ ಬಂತು. ಕೈಯಲ್ಲಿ ಬಟ್ಟೆ ಹಿಡಿದುಕೊಂಡು ಹಾಗೇ ನಿಂತುಬಿಟ್ಟೆ. ಇದು ಬ್ಯಾರನ್ ವಾಸನೆ, ನಮ್ಮೂರಲ್ಲಿ ಹೊಗೆಸೊಪ್ಪಿನ ಎಲೆಯನ್ನು ಬಿಸಿಗೆ ಹದ ಮಾಡುವ ಮನೆಯದು! ಆಗಸ್ಟ್ ತಿಂಗಳ ರಾತ್ರಿ, ಎರಡನೇ ದಿನದ ಬೆಂಕಿಯಲ್ಲಿ ಎಲೆ ಹಸಿರು ಬಿಟ್ಟು ಹಳದಿಗೆ ತಿರುಗುವಾಗ ಬರುತ್ತದಲ್ಲ, ಒಣಹುಲ್ಲಿಗೆ ಬೆಲ್ಲ ಸವರಿದ ಹಾಗೆ, ಅದೇ.

ನಾನು ಹುಣಸೂರು ಕಡೆಯವನು. ನಮ್ಮಲ್ಲಿ ಹೊಗೆಸೊಪ್ಪು ಬೆಳೆಯುವವರು ಜಾಸ್ತಿ, ಪೈಪ್ ಸೇದುವವರನ್ನು ನಾನು ಒಬ್ಬರನ್ನೂ ಕಂಡಿಲ್ಲ. ಅಜ್ಜಿ ಎಲೆಯಡಿಕೆ ಜೊತೆ ಚೂರು ಸೊಪ್ಪು ಹಾಕಿಕೊಳ್ಳುತ್ತಿದ್ದಳು. ಅಪ್ಪ ಅದನ್ನೂ ಮುಟ್ಟಿದವರಲ್ಲ. 1984ರಲ್ಲಿ ತಂಬಾಕು ಮಂಡಳಿಯ ಹರಾಜು ನಮ್ಮ ಕಡೆ ಶುರುವಾದಾಗ ಅಪ್ಪನಿಗೆ ಇಪ್ಪತ್ತೆರಡು ವರ್ಷ. ಅಂದಿನಿಂದ ಬೆಳೆದು, ಬೇಯಿಸಿ, ಮಾರಿದ್ದಷ್ಟೇ. 'ಬೆಳೆಯೋನು ಸೇದಬಾರ್ದು ಕಣ್ಲಾ, ಲೆಕ್ಕ ತಪ್ಪುತ್ತೆ' ಅನ್ನುತ್ತಿದ್ದರು.

ಬೇಲಿಯಾಚೆ ಇದ್ದದ್ದು ಪಕ್ಕದ ಮನೆಯ ಮುದುಕರು. ಪೈಪ್ ಬಾಯಿಂದ ತೆಗೆಯದೇ ಚಪ್ಪಟೆ ಡಬ್ಬಿಯೊಂದನ್ನು ಎತ್ತಿ ತೋರಿಸಿದರು. ಸ್ಯಾಮ್ಯುಯೆಲ್ ಗಾವಿತ್ ಫುಲ್ ವರ್ಜೀನಿಯಾ ಫ್ಲೇಕ್, ಪೈಪಿಗೆ ಹಾಕುವ ಹೊಗೆಸೊಪ್ಪು. ಇದನ್ನು ಮಾಡುವ ಊರು ಕೆಂಡಲ್. ನಮ್ಮ ಸ್ಟೇಷನ್ನಿನಿಂದ ಆಕ್ಸನ್‌ಹೋಮ್‌ಗೆ ಹೋಗಿ, ಅಲ್ಲಿ ವಿಂಡರ್ಮಿಯರ್ ಕಡೆಯ ಸಣ್ಣ ರೈಲು ಹತ್ತಿದರೆ ಮುಂದಿನ ನಿಲ್ದಾಣ. ಮುಂದಿನ ಶನಿವಾರವೇ ಹೋದೆ. ಬೂದು ಕಲ್ಲಿನ ಊರು. ಮಳೆ ಬಂದರೆ ಇನ್ನೂ ಬೂದು. ಪುದೀನಾ ಮಿಠಾಯಿಗೂ ನಶ್ಯಕ್ಕೂ ಹೆಸರುವಾಸಿ. ಗಾವಿತ್‌ನವರ ವ್ಯವಹಾರದ ಮೂಲವೂ ನಶ್ಯವೇ, 1792ರಷ್ಟು ಹಿಂದಿನದು. ಇಂಗ್ಲೆಂಡಿನ ಮೂಲೆಯಲ್ಲಿ ನಶ್ಯದ ಊರು ಸಿಕ್ಕಿದ್ದನ್ನು ಫೋನಿನಲ್ಲಿ ಹೇಳಿದರೆ ಅಮ್ಮ ನಂಬಲೇ ಇಲ್ಲ.

ಐವತ್ತು ಗ್ರಾಮಿನ ಡಬ್ಬಿ ಕೊಂಡೆ. ತೆರಿಗೆ ಸೇರಿ ಬೆಲೆ ಕೇಳಿದಾಗ, ಅಪ್ಪನಿಗೆ ಒಂದು ಕೆ.ಜಿ. ಎಲೆಗೆ ಸಿಗುವ ದುಡ್ಡು ನೆನಪಾಗಿ ಒಂದು ಕ್ಷಣ ಕೈ ಹಿಂದೆ ಸರಿಯಿತು. ಪೈಪನ್ನು ಬೇರೆ ಒಂದು ಅಂಗಡಿಯಲ್ಲಿ ತೆಗೆದುಕೊಂಡೆ. ಕಡಿಮೆ ಬೆಲೆಗೆ ಹಾಕಿದ್ದರು. ಮನೆಗೆ ಬಂದು ನೋಡಿದರೆ ಹೊಗೆ ಬರುವ ತೂತು ಬಟ್ಟಲಿನ ತಳಕ್ಕೆ ಸೇರದೇ ಅರ್ಧ ಬೆರಳು ಮೇಲೆ ನಿಂತಿದೆ. ಕೆಳಗಿನ ಸೊಪ್ಪು ಯಾವತ್ತೂ ಉರಿಯುವುದಿಲ್ಲ, ಸುಮ್ನೆ ನೆನೆದು ಕೂರುತ್ತದೆ. ಆಮೇಲೆ ಮುಸುಕಿನ ಜೋಳದ ದಿಂಡಿನ ಪೈಪ್ ತರಿಸಿಕೊಂಡೆ. ಅಮೆರಿಕದ ಮಿಸೌರಿಯಲ್ಲಿ 1869ರಿಂದ ಮಾಡುತ್ತಾ ಬಂದಿದ್ದಾರೆ. ಅಗ್ಗ, ಹಗುರ, ಒದ್ದೆಯನ್ನು ಹೀರಿಕೊಳ್ಳುತ್ತದೆ. ಹೊಸಬರಿಗೆ ಅದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಬ್ರಯರ್ ಮರದ ಪೈಪ್ ಕೊಳ್ಳುವ ಧೈರ್ಯ ಬಂದದ್ದು ಒಂದು ವರ್ಷದ ಮೇಲೆ.

ಡಬ್ಬಿ ತೆಗೆದಾಗ ಮೊದಲು ಬಂದದ್ದು ಹುಳಿ. ಹುಣಸೇಹಣ್ಣಿನ ಮಡಕೆಯ ಮುಚ್ಚಳ ಎತ್ತಿದ ಹಾಗೆ. ಅದರ ಹಿಂದೆ ಅಂಜೂರ, ಆಮೇಲೆ ಒಣಹುಲ್ಲು. ಒಳಗೆ ಉದ್ದುದ್ದ ಪಟ್ಟಿಗಳು, ಮಡಿಚಿ ಇಟ್ಟಿದ್ದಾರೆ. ಎಲೆಯನ್ನು ಒತ್ತಿ, ಬಿಸಿ ಕೊಟ್ಟು, ಇಟ್ಟಿಗೆಯಂತೆ ಗಟ್ಟಿ ಮಾಡಿ, ಆಮೇಲೆ ತೆಳ್ಳಗೆ ಕೊಯ್ದಿರುತ್ತಾರೆ. ಬಣ್ಣ ಕಪ್ಪಿಗೆ ಹತ್ತಿರದ ಕಂದು, ನಡುವೆ ಅಲ್ಲಲ್ಲಿ ತಿಳಿ ಗೆರೆ. ಬೆರಳಿಗೆ ತಂಪು, ಅಂಟು ಅಂಟು. ಇದರಲ್ಲಿ ಬೇರೆ ಜಾತಿಯ ಎಲೆ ಇಲ್ಲ, ಪೂರ್ತಿ ವರ್ಜೀನಿಯಾ. ವರ್ಜೀನಿಯಾ ಅನ್ನುವುದು ಈಗ ಬರೀ ಅಮೆರಿಕದ ರಾಜ್ಯದ ಹೆಸರಲ್ಲ, ಎಲೆಯ ಜಾತಿ ಮತ್ತು ಹದದ ಹೆಸರು. ಬ್ರೆಜಿಲ್, ಜಿಂಬಾಬ್ವೆ, ನಮ್ಮ ಪಿರಿಯಾಪಟ್ಟಣ, ಎಲ್ಲ ಕಡೆ ಅದೇ.

ಮೊದಲ ಸಲ ಅದನ್ನು ಇದ್ದ ಹಾಗೇ ಪುಡಿ ಮಾಡಿ ಬಟ್ಟಲಿಗೆ ತುರುಕಿದೆ. ಹತ್ತಲಿಲ್ಲ. ಹತ್ತಿತು. ಆರಿತು. ಜೋರಾಗಿ ಎಳೆದೆ. ಹತ್ತು ಕಡ್ಡಿ ಗೀರಿದ ಮೇಲೆ ಬಾಯಿ ತುಂಬ ಬಿಸಿ ಆವಿ, ರುಚಿ ಏನೂ ಇಲ್ಲ. ಪೈಪ್ ಒಳಗೆ ಗುಳುಗುಳು ಸದ್ದು. ನಾಲಿಗೆಯ ತುದಿ ಸುಟ್ಟು, ಎರಡು ದಿನ ಸಾರು ಅನ್ನ ತಿನ್ನಲು ಆಗಲಿಲ್ಲ. ವರ್ಜೀನಿಯಾದಲ್ಲಿ ಸಕ್ಕರೆ ಅಂಶ ಜಾಸ್ತಿ. ಒದ್ದೆ ಇದ್ದು ಬಿಸಿಯಾಗಿ ಉರಿದರೆ ಅದು ನಾಲಿಗೆಗೇ ಕಚ್ಚುತ್ತದೆ. ಇದು ಗೊತ್ತಾಗಲು ನನಗೆ ಮೂರು ವಾರ ಬೇಕಾಯಿತು.

ಈಗ ನಾನು ಮಾಡುವುದು ಹೀಗೆ. ಎರಡು ಪಟ್ಟಿ ತೆಗೆದು, ಎಳೆ ಎಳೆಯಾಗಿ ಬಿಡಿಸಿ, ಕಾಗದದ ಮೇಲೆ ಹರಡಿ ಅಡುಗೆಮನೆಯ ಕಿಟಕಿ ಹತ್ತಿರ ಇಡುತ್ತೇನೆ. ಬೇಸಿಗೆಯಲ್ಲಿ ಮುಕ್ಕಾಲು ಗಂಟೆ, ಚಳಿಗಾಲದಲ್ಲಿ ಎರಡು ಗಂಟೆಯೂ ಆಗಬಹುದು. ಬೆರಳಲ್ಲಿ ಚಿವುಟಿ ಹಿಡಿದು ಬಿಟ್ಟಾಗ ಉಂಡೆಯಾಗಿ ಉಳಿದರೆ ಇನ್ನೂ ಒದ್ದೆ. ಪರಪರ ಅಂದರೆ ಜಾಸ್ತಿ ಒಣಗಿತು, ರುಚಿ ಹೋಯಿತು. ಮೆಲ್ಲಗೆ ಅರಳಿಕೊಳ್ಳಬೇಕು. ಹಾಗೆ ಅರಳಿದ್ದನ್ನು ಬಟ್ಟಲಿಗೆ ಉದುರಿಸಬೇಕು, ತುರುಕಬಾರದು. ಕೆಳಗೆ ಸಡಿಲ, ಮೇಲೆ ಸ್ವಲ್ಪ ಬಿಗಿ. ಹಚ್ಚುವ ಮುಂಚೆ ಒಮ್ಮೆ ಬರೀ ಗಾಳಿ ಎಳೆದು ನೋಡುತ್ತೇನೆ. ಸ್ಟ್ರಾದಲ್ಲಿ ಎಳನೀರು ಎಳೆದಷ್ಟೇ ತಡೆ ಇರಬೇಕು. ಅದಕ್ಕಿಂತ ಜಾಸ್ತಿ ಇದ್ದರೆ ಎಲ್ಲ ಸುರಿದು ಮತ್ತೆ ಮೊದಲಿಂದ. ಬೇಜಾರಾಗುತ್ತದೆ, ಆದರೆ ಅಲ್ಲಿ ಸೋಮಾರಿತನ ಮಾಡಿದರೆ ಮುಂದಿನ ಒಂದು ಗಂಟೆ ಹಾಳು.

ಮೊದಲ ಕಡ್ಡಿಗೆ ಮೇಲಿನ ಎಳೆಗಳು ಹಾವಿನ ಹೆಡೆಯಂತೆ ಎದ್ದು ನಿಲ್ಲುತ್ತವೆ. ಅವನ್ನು ಮೆಲ್ಲಗೆ ಒತ್ತಿ, ಎರಡನೇ ಕಡ್ಡಿ. ಅಲ್ಲಿಂದ ಕೆಲಸ ಒಂದೇ, ಬೆಂಕಿಯನ್ನು ಸಾಯದ ಹಾಗೆ, ಬದುಕದ ಹಾಗೆ ಇಟ್ಟುಕೊಳ್ಳುವುದು. ಬಟ್ಟಲನ್ನು ಕೆನ್ನೆಗೆ ಮುಟ್ಟಿಸಿ ನೋಡುತ್ತೇನೆ. ಸುಟ್ಟರೆ ಐದು ನಿಮಿಷ ಕೆಳಗಿಡಬೇಕು. ಆರಿದರೆ ಆರಲಿ, ಮತ್ತೆ ಹಚ್ಚಿದರಾಯಿತು. ಅಪ್ಪ ಬ್ಯಾರನ್ ಮುಂದೆ ಕೂತು ಹೇಳುತ್ತಿದ್ದ ಮಾತು ಇದೇ ಅಲ್ವಾ ಅನ್ನಿಸಿದ್ದು ಒಂದು ಸಂಜೆ, ಪೈಪ್ ಕೆನ್ನೆಗೆ ಹಿಡಿದಾಗಲೇ. ಮೊದಲು ಮೂವತ್ತೈದು ಡಿಗ್ರಿ ಆಸುಪಾಸಿನಲ್ಲಿ ಎಲೆ ಹಳದಿಯಾಗಲು ಬಿಡಬೇಕು. ಆಗ ಎಲೆಯೊಳಗಿನ ಗಂಜಿ ಸಕ್ಕರೆಯಾಗುತ್ತದೆ. ಆಮೇಲೆ ಸ್ವಲ್ಪ ಸ್ವಲ್ಪ ಏರಿಸಿ, ಕೊನೆಗೆ ದಂಟು ಒಣಗಲು ಎಪ್ಪತ್ತರ ಹತ್ತಿರ. ಒಟ್ಟು ಆರೇಳು ದಿನ. ಅವಸರಪಟ್ಟು ಸೌದೆ ನೂಕಿದರೆ ಎಲೆ ಹಸಿರಲ್ಲೇ ಕಟ್ಟಿಕೊಳ್ಳುತ್ತದೆ. ರಾತ್ರಿ ಎರಡು ಸಲ ಎದ್ದು ಟಾರ್ಚ್ ಹಾಕಿ ಥರ್ಮಾಮೀಟರ್ ನೋಡುತ್ತಿದ್ದರು. ನನ್ನನ್ನೂ ಎಬ್ಬಿಸುತ್ತಿದ್ದರು, ಅದೇ ನನಗೆ ಕೋಪ.

ರುಚಿಗೆ ಬರುತ್ತೇನೆ. ಮೊದಲ ಹತ್ತು ನಿಮಿಷ ಒಣಹುಲ್ಲು, ಸ್ವಲ್ಪ ನಿಂಬೆಸಿಪ್ಪೆಯ ಒಗರು. ಇದೇನು ಇಷ್ಟೇನಾ ಅನ್ನಿಸುತ್ತದೆ. ಬಟ್ಟಲಿನ ನಡುವಿಗೆ ಬೆಂಕಿ ಇಳಿದ ಮೇಲೆ ಅದು ಬದಲಾಗುತ್ತದೆ. ಆಗ ತಾನೇ ಸುಟ್ಟ ಬ್ರೆಡ್ಡಿನ ಅಂಚು, ಅಂಜೂರ, ಜೋನಿಬೆಲ್ಲ. ಸಿಹಿ ಅಂದರೆ ಸಕ್ಕರೆ ಚೆಲ್ಲಿದ ಸಿಹಿ ಅಲ್ಲ. ರಾಗಿ ಮುದ್ದೆಯನ್ನು ಬಾಯಲ್ಲಿ ಸ್ವಲ್ಪ ಹೊತ್ತು ಇಟ್ಟುಕೊಂಡರೆ ಕೊನೆಗೆ ಒಂದು ಸಿಹಿ ಬರುತ್ತದಲ್ಲ, ಆ ಜಾತಿಯದು. ಚೂರು ಹೊಗೆಯನ್ನು ಮೂಗಿನಿಂದ ಬಿಟ್ಟರೆ ಮೆಣಸಿನ ಘಾಟು. ಮೂಗಿನಿಂದ ಬಿಡುವುದು ಕಲಿಯುವವರೆಗೆ ಅರ್ಧ ರುಚಿ ನನಗೆ ಗೊತ್ತೇ ಇರಲಿಲ್ಲ. ಕೊನೆಯ ಕಾಲು ಭಾಗ ಗಾಢ, ಕಾಫಿ ಡಿಕಾಕ್ಷನ್ ತಳದಂತೆ ಕಹಿ. ನನಗೆ ಅದು ಇಷ್ಟವಿಲ್ಲ, ಅಲ್ಲಿಗೆ ನಿಲ್ಲಿಸಿ ಬೂದಿ ಕೊಡವುತ್ತೇನೆ. ಪಕ್ಕದ ಮನೆಯವರು ತಳ ಮುಟ್ಟುವವರೆಗೆ ಬಿಡುವುದಿಲ್ಲ.

ಬೇರೆಯವನ್ನೂ ನೋಡಿದೆ. ವೆನಿಲ್ಲಾ ಹಾಕಿದ ಅಮೆರಿಕನ್ ಮಿಶ್ರಣಗಳು ಪಕ್ಕದಲ್ಲಿ ಕೂತವರಿಗೆ ಚೆಂದ, ಸೇದುವವನ ಬಾಯಿಗೆ ಬರೀ ಬಿಸಿ. ಲಟಾಕಿಯಾ ಸೇರಿದ ಇಂಗ್ಲಿಷ್ ಮಿಶ್ರಣ ಬೇರೆಯೇ ಕಥೆ. ಸಿರಿಯಾದ ಬಂದರಿನ ಹೆಸರು ಅದಕ್ಕೆ. ಈಗ ಎಲೆ ಬರುವುದು ಹೆಚ್ಚಾಗಿ ಸೈಪ್ರಸ್‌ನಿಂದ. ಆ ಎಲೆಯನ್ನು ಬೇಕೆಂದೇ ಸೌದೆಯ ಹೊಗೆಯಲ್ಲಿ ತಿಂಗಳುಗಟ್ಟಲೆ ಹದ ಮಾಡುತ್ತಾರೆ. ಡಬ್ಬಿ ತೆಗೆದರೆ ಹಳ್ಳಿಯ ಅಡುಗೆಮನೆಯ ಅಟ್ಟ. ನಮ್ಮ ಬ್ಯಾರನ್ನಿನಲ್ಲಿ ಬೆಂಕಿ ಹೊರಗೆ, ಬಿಸಿ ಮಾತ್ರ ಕಬ್ಬಿಣದ ಕೊಳವೆಯಲ್ಲಿ ಒಳಗೆ. ಕೊಳವೆ ಸೀಳಿ ಹೊಗೆ ಎಲೆಗೆ ತಾಗಿದರೆ ಆ ಸಲದ ಸೊಪ್ಪು ಕೆಟ್ಟಿತು ಅಂತಲೇ ಲೆಕ್ಕ. ಹಾಗೆ ಬೆಳೆದವನಿಗೆ ಲಟಾಕಿಯಾ ಒಪ್ಪಿಕೊಳ್ಳುವುದು ಕಷ್ಟ. ಒಪ್ಪಿಕೊಂಡಿಲ್ಲ.

ಈ ಫ್ಲೇಕ್ ಸೌಮ್ಯ ಅಂದುಕೊಂಡು ಮೋಸ ಹೋಗಬಾರದು. ಒಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಸೇದಿ ಹಿತ್ತಲ ಮೆಟ್ಟಿಲ ಮೇಲೆ ಕೂತುಬಿಟ್ಟೆ. ತಲೆ ಸುತ್ತು, ಬೆವರು, ವಾಕರಿಕೆ. ಆ ವಾಕರಿಕೆ ನನಗೆ ಹಳೆಯ ಪರಿಚಯ. ಮಳೆಯಲ್ಲಿ ನೆನೆದ ಎಲೆ ಮುರಿದು ಕಂಕುಳಲ್ಲಿ ಹೊತ್ತು ತಂದ ದಿನ ರಾತ್ರಿ ಹೀಗೇ ಆಗುತ್ತಿತ್ತು. ನಿಕೋಟಿನ್ ಚರ್ಮದಿಂದಲೇ ಇಳಿಯುತ್ತದೆ. ಆಗ ಬೈದುಕೊಂಡು ಮಲಗಿದವನು, ಈಗ ದುಡ್ಡು ಕೊಟ್ಟು ಅದನ್ನೇ ತರಿಸಿಕೊಂಡೆ. ಒಂದು ಚಮಚ ಸಕ್ಕರೆ ತಿಂದ ಮೇಲೆ ಸರಿಹೋಯಿತು. ಹೊಗೆಯನ್ನು ಎದೆಗೆ ಇಳಿಸುವುದಿಲ್ಲ ಎಂದ ಮಾತ್ರಕ್ಕೆ ಪೈಪ್ ಏನೂ ಮಾಡುವುದಿಲ್ಲ ಅನ್ನುವವರ ಮಾತು ಸುಳ್ಳು. ಬಾಯಿ, ತುಟಿ, ಗಂಟಲಿನ ಕ್ಯಾನ್ಸರ್ ಇದರಿಂದಲೂ ಬರುತ್ತದೆ. ನಾನು ವಾರಕ್ಕೆ ಎರಡಕ್ಕೆ ನಿಲ್ಲಿಸಿದ್ದೇನೆ. ಮಗಳು ಹಿತ್ತಲಿಗೆ ಬಂದರೆ ಪೈಪ್ ಕೆಳಗೆ.

ಹೋದ ವರ್ಷ ಊರಿಗೆ ಹೋದಾಗ ಒಂದು ಡಬ್ಬಿ ತೆಗೆದುಕೊಂಡು ಹೋದೆ. ಅಪ್ಪ ಕನ್ನಡಕ ಹಾಕಿಕೊಂಡು ಜಗಲಿಯಲ್ಲಿ ಕೂತು ಡಬ್ಬಿ ತೆಗೆದರು.

'ಏನ್ಲಾ ಇದು, ಹೊಗೆಸೊಪ್ಪೋ ಹುಣಸೇಹಣ್ಣೋ?'

'ನಮ್ಮ ಸೊಪ್ಪಿನ ಜಾತಿನೇ ಅಪ್ಪ. ಒತ್ತಿ, ಬಿಸಿ ಮಾಡಿ ಹಿಂಗೆ ಮಾಡ್ತಾರೆ.'

'ಈ ಬಣ್ಣ ಹರಾಜಿನ ಪ್ಲಾಟ್‌ಫಾರಮ್ಮಲ್ಲಿ ಇಟ್ರೆ ನೋ ಬಿಡ್ ಅಂತ ತಳ್ತಾರೆ.'

ನಿಜ. ಹರಾಜಿನಲ್ಲಿ ನಿಂಬೆ ಬಣ್ಣಕ್ಕೇ ಬೆಲೆ. ಕಂದು ತಿರುಗಿದರೆ ಕೆಳ ದರ್ಜೆ. ಒಂದು ವರ್ಷ ನಮ್ಮದು ಹಾಗೆ ತಿರುಗಿ, ಬೇಲುಗಳನ್ನು ವಾಪಸ್ ಮನೆಗೆ ಹೊತ್ತು ತಂದದ್ದು ನನಗೆ ನೆನಪಿದೆ. ಅಪ್ಪನಿಗೆ ಮರೆಯುವುದುಂಟೇ? ಡಬ್ಬಿಯ ಬೆಲೆ ಕೇಳಿದರು. ಅರ್ಧಕ್ಕಿಳಿಸಿ ಹೇಳಿದೆ. ಅದಕ್ಕೇ ಸುಮ್ಮನಾದರು.

ಆಮೇಲೆ ಒಂದು ಪಟ್ಟಿ ಎತ್ತಿ ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಬಿಟ್ಟರು. ಹತ್ತು ಸೆಕೆಂಡೂ ಆಗಿರಲಿಕ್ಕಿಲ್ಲ. 'ಒದ್ದೆ ಐತೆ. ಇದನ್ ಹೆಂಗ್ಲಾ ಹಚ್ತೀಯ?' ಅಂದವರೇ ಎಳೆ ಎಳೆ ಬಿಡಿಸಿ, ಹಳೆಯ ಪೇಪರ್ ಮೇಲೆ ಹರಡಿ ಬಿಸಿಲಿಗೆ ಇಟ್ಟರು. ನಾನು ಮೂರು ವಾರ ನಾಲಿಗೆ ಸುಟ್ಟುಕೊಂಡು ಕಲಿತದ್ದನ್ನು ಹೇಳಲು ಹೋಗಲಿಲ್ಲ. ಹದಿನೈದು ನಿಮಿಷಕ್ಕೆ ಎದ್ದು ಹೋಗಿ ಮುಟ್ಟಿ ನೋಡಿ, 'ಈಗ ಹಚ್ಚು' ಅಂದರು.

ಹಚ್ಚಿದೆ. ಅಪ್ಪನ ಮುಂದೆ ಮೊದಲ ಸಲ. ಮುಜುಗರವಾಗಿ ಮುಖ ಆಚೆ ತಿರುಗಿಸಿಕೊಂಡೇ ಸೇದಿದೆ. ಗಾಳಿ ಅವರ ಕಡೆಗೇ ಇತ್ತು. ಎರಡನೇ ದಿನದ ಬೆಂಕಿಯ ವಾಸನೆ ಅಲ್ವಾ ಅಪ್ಪ ಅಂದೆ.

ಅವರು ಕಣ್ಣು ಮುಚ್ಚಿ ಒಮ್ಮೆ ಎಳೆದುಕೊಂಡರು. 'ಎರಡನೇದಲ್ಲ ಕಣ್ಲಾ,' ಅಂದರು. 'ಮೂರನೇದು.'