ಹೊಲಿಗೆ ಮಾಯುವ ತನಕ: ಪರದೇಶದಲ್ಲಿ ಎಳೆಯ ಬೆಕ್ಕಿನ ಆರೈಕೆ

ಐದಾರು ತಿಂಗಳ ಹೆಣ್ಣುಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವುದು ಪಶುವೈದ್ಯರಿಗೆ ದಿನನಿತ್ಯದ ಕೆಲಸ. ಬೆಳಿಗ್ಗೆ ಆಸ್ಪತ್ರೆಯಲ್ಲಿ ಬಿಟ್ಟು ಬಂದರೆ ಬಹುಪಾಲು ಅಂದೇ ಸಂಜೆ ಬೆಕ್ಕನ್ನು ಕೈಗೆ ಕೊಟ್ಟು ಕಳುಹಿಸುತ್ತಾರೆ. ಅಲ್ಲಿಂದ ಮುಂದಿನ 10ರಿಂದ 14 ದಿನ, ಅಂದರೆ ಹೊಟ್ಟೆಯ ಚರ್ಮವೂ ಅದರಡಿಯ ಪದರಗಳೂ ಕೂಡಿಕೊಳ್ಳುವ ತನಕ, ನೋಡಿಕೊಳ್ಳುವ ಹೊಣೆಯೆಲ್ಲ ಸಾಕಿದವರದು. ಸ್ವಂತ ಊರಿನಲ್ಲಾದರೆ ಅನುಮಾನ ಬಂದಾಗ ಕೇಳಲು ಒಬ್ಬರಾದರೂ ಸಿಗುತ್ತಾರೆ. ಪರದೇಶದ ಬಾಡಿಗೆ ಮನೆಯಲ್ಲಿ, ಅರ್ಧಂಬರ್ಧ ಬರುವ ಭಾಷೆಯಲ್ಲಿ ಆಸ್ಪತ್ರೆಯವರು ಬರೆದುಕೊಟ್ಟ ಚೀಟಿಯೊಂದನ್ನು ಹಿಡಿದು ಕುಳಿತವರಿಗೆ ಆ ಅನುಕೂಲವಿರುವುದಿಲ್ಲ. ಹಾಗಾಗಿ ಇಲ್ಲಿ ಗಾಯದ ಆರೈಕೆಗೆ ಕೊಟ್ಟಷ್ಟೇ ಜಾಗವನ್ನು ಆ ಚೀಟಿಯನ್ನು ಓದುವುದಕ್ಕೂ ಕೊಟ್ಟಿದ್ದೇನೆ.

ಒಯ್ಯುವ ಮುನ್ನ

ಮೊದಲು ಒಂದು ಚಿಕ್ಕ ಕೋಣೆಯನ್ನು ಸಿದ್ಧಪಡಿಸಿ. ಅಲ್ಲಿ ಬೆಕ್ಕು ಹಾರಿ ಕೂರುವಂಥ ಕಪಾಟು, ಕಿಟಕಿಯ ಕಟ್ಟೆ, ಎತ್ತರದ ಕುರ್ಚಿ ಯಾವುದೂ ಇರಬಾರದು. ಮಂಚದಡಿಯ ಸಂದುಗಳನ್ನು ಮುಚ್ಚಿಬಿಡಿ, ಏಕೆಂದರೆ ನೋವಿನಲ್ಲಿರುವ ಬೆಕ್ಕು ಹುಡುಕಿಕೊಂಡು ಹೋಗುವುದು ಅಲ್ಲಿಗೇ, ಮತ್ತು ಅಲ್ಲಿಂದ ಅದನ್ನು ಎಳೆದು ತೆಗೆಯುವುದೆಂದರೆ ಹೊಲಿಗೆಯ ಮೇಲೆ ಕೈ ಹಾಕಿದಂತೆಯೇ. ಬೆಕ್ಕು ಮಲಮೂತ್ರ ಮಾಡುವ ಲಿಟರ್ ಟ್ರೇಯ ಅಂಚು ತಗ್ಗಾಗಿರಲಿ. ನೀರು ತಾಗಿದರೆ ಗಟ್ಟಿಯಾಗುವ ಮಣ್ಣಿನ ಲಿಟರ್ ಗಾಯಕ್ಕೆ ಅಂಟಿಕೊಳ್ಳುತ್ತದೆ. ಹತ್ತು ದಿನದ ಮಟ್ಟಿಗೆ ಕಾಗದದ ಗುಳಿಗೆಗಳನ್ನೋ ಹರಿದ ಸುದ್ದಿಪತ್ರಿಕೆಯನ್ನೋ ಹಾಕಿದರೆ ಸಾಕು.

ವೈದ್ಯರನ್ನು ಮುಂಚಿತವಾಗಿ ಕೇಳಬೇಕಾದ ಪ್ರಶ್ನೆಗಳು ಮೂರು. ಗಾಯ ಎಲ್ಲಿರುತ್ತದೆ, ಚರ್ಮದ ಹೊಲಿಗೆ ತಾನೇ ಕರಗುವಂಥದೋ ಬಿಚ್ಚಿಸಬೇಕಾದದ್ದೋ, ಮತ್ತು ಆಸ್ಪತ್ರೆ ಮುಚ್ಚಿದ ಮೇಲೆ ಯಾವ ಸಂಖ್ಯೆಗೆ ಕರೆ ಮಾಡಬೇಕು. ಮೊದಲ ಪ್ರಶ್ನೆ ಅನಗತ್ಯವೆಂದು ತೋರಬಹುದು. ಆದರೆ ಈ ಶಸ್ತ್ರಚಿಕಿತ್ಸೆಯ ವಾಡಿಕೆ ದೇಶದಿಂದ ದೇಶಕ್ಕೆ ಬೇರೆಯಾಗುತ್ತದೆ: ಉತ್ತರ ಅಮೆರಿಕದಲ್ಲಿ ಸಾಮಾನ್ಯವಾಗಿ ಹೊಟ್ಟೆಯ ನಡುಗೆರೆಯಲ್ಲಿ ಕೊಯ್ಯುತ್ತಾರೆ, ಬ್ರಿಟನ್ನಿನಲ್ಲಿ ಪಕ್ಕೆಯಲ್ಲಿ ಕೊಯ್ಯುವ ಪದ್ಧತಿಯೂ ಇದೆ. ಗರ್ಭಕೋಶ ಮತ್ತು ಅಂಡಾಶಯ ಎರಡನ್ನೂ ತೆಗೆಯುವವರಿದ್ದಾರೆ. ಯುರೋಪಿನ ಹಲವೆಡೆ ಅಂಡಾಶಯಗಳನ್ನು ಮಾತ್ರ ತೆಗೆಯುತ್ತಾರೆ. ಚೀಟಿಯಲ್ಲಿ ಗರ್ಭಕೋಶದ ಹೆಸರೇ ಇಲ್ಲವೆಂದು ಗಾಬರಿಯಾಗಬೇಕಿಲ್ಲ.

ಆಸ್ಪತ್ರೆಗೆ ಹೋಗುವ ಮುನ್ನ ಬೆಕ್ಕು ಎಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿರಬೇಕು ಎಂಬುದನ್ನು ಅವರ ಬಾಯಿಂದಲೇ ಕೇಳಿ ತಿಳಿಯಿರಿ. ಎಳೆಯ ಬೆಕ್ಕು ಬಹಳ ಹೊತ್ತು ಉಪವಾಸವಿದ್ದರೆ ರಕ್ತದ ಸಕ್ಕರೆಯ ಅಂಶ ಇಳಿದುಬಿಡುತ್ತದೆ, ಆದ್ದರಿಂದ ದೊಡ್ಡ ಬೆಕ್ಕಿಗಿಂತ ಇದರ ಅವಧಿ ಕಡಿಮೆಯಿರುತ್ತದೆ. ಕೊನೆಯದಾಗಿ, “ಹೊಲಿಗೆ ಬಿಚ್ಚಿಕೊಂಡಿದೆ”, “ಒಸಡು ಬಿಳಿಚಿದೆ”, “ಉಸಿರಾಟ ಕಷ್ಟವಾಗಿದೆ” ಎಂಬ ಮೂರು ವಾಕ್ಯಗಳನ್ನು ಆ ದೇಶದ ಭಾಷೆಯಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಡಿ. ನಡುರಾತ್ರಿಯ ಗಾಬರಿಯಲ್ಲಿ ಕಲಿತ ಭಾಷೆ ಮೊದಲು ಕೈಕೊಡುತ್ತದೆ.

ಚೀಟಿಯನ್ನು ಅಲ್ಲೇ ನಿಂತು ಓದಿ

ಬೆಕ್ಕನ್ನು ಕರೆತರುವಾಗ ಕೊಡುವ ಡಿಸ್ಚಾರ್ಜ್ ಚೀಟಿಯನ್ನು ಮನೆಗೆ ಹೋಗಿ ಅನುವಾದಿಸಿಕೊಂಡರಾಯಿತು ಎಂದು ಜೇಬಿಗೆ ಸೇರಿಸಬೇಡಿ. ನನ್ನ ಬೆಕ್ಕಿನ ಮೊದಲ ರಾತ್ರಿ ನಾನು ಎಡವಿದ್ದು ಇಲ್ಲಿಯೇ. ನೋವಿನ ಔಷಧಿಯ ಎದುರು ‘2,5’ ಎಂದು ಬರೆದಿತ್ತು. ಆ ದೇಶದಲ್ಲಿ ದಶಾಂಶಕ್ಕೆ ಚುಕ್ಕಿಯ ಬದಲು ಅಲ್ಪವಿರಾಮ ಬಳಸುತ್ತಾರೆಂಬುದು ಗೊತ್ತಿದ್ದುದರಿಂದ ಎರಡೂವರೆ ಎಂದು ಸರಿಯಾಗಿಯೇ ಓದಿದೆ, ಆದರೆ ಎರಡೂವರೆ ಏನು ಎಂದು ಕೇಳಿರಲಿಲ್ಲ. ಮಿಲಿಲೀಟರ್ ಇರಬೇಕೆಂದುಕೊಂಡು ಮನೆಯಲ್ಲಿದ್ದ ಮಾಮೂಲಿ ಸಿರಿಂಜಿನಲ್ಲಿ ಎಳೆಯತೊಡಗಿದೆ. ಹತ್ತು ಮಿಲಿಲೀಟರಿನ ಪುಟ್ಟ ಬಾಟಲಿಯ ಕಾಲು ಭಾಗ ಒಂದೇ ಸಲಕ್ಕೆ ಖಾಲಿಯಾಗುವುದನ್ನು ಕಂಡಾಗ ಕೈ ತಾನಾಗಿ ನಿಂತಿತು. ಡಬ್ಬದ ತಳದಲ್ಲಿ ಬೇರೊಂದು ಸಿರಿಂಜ್ ಇತ್ತು. ಅದರ ಮೇಲಿನ ಗೆರೆಗಳು ಮಿಲಿಲೀಟರಿನವಲ್ಲ, ಬೆಕ್ಕಿನ ತೂಕದ ಕಿಲೋ ಗುರುತುಗಳು. ಎರಡೂವರೆ ಕಿಲೋ ತೂಕದ ನನ್ನ ಬೆಕ್ಕಿಗೆ ಸಲ್ಲಬೇಕಾಗಿದ್ದದ್ದು ಕಾಲು ಮಿಲಿಲೀಟರ್. ನಾನು ಕೊಡಲು ಹೊರಟಿದ್ದು ಅದರ ಹತ್ತು ಪಟ್ಟು.

ಆದ್ದರಿಂದ ಮೊದಲ ಡೋಸನ್ನು ಆಸ್ಪತ್ರೆಯ ಮೇಜಿನ ಮುಂದೆಯೇ ಸಿರಿಂಜಿಗೆ ಎಳೆದು ತೋರಿಸಲು ನರ್ಸ್‌ಗೆ ಹೇಳಿ, ಆ ಗೆರೆಯ ಮೇಲೆ ಪೆನ್ನಿನಿಂದ ಗುರುತು ಹಾಕಿಸಿಕೊಳ್ಳಿ. ಬೆಕ್ಕುಗಳಿಗೆ ಸಾಮಾನ್ಯವಾಗಿ ಬರೆದುಕೊಡುವ ಮೆಲಾಕ್ಸಿಕ್ಯಾಮ್ ಎಂಬ ನೋವಿನ ಔಷಧಿಯ ದ್ರಾವಣ ಪ್ರತಿ ಮಿಲಿಲೀಟರಿಗೆ 0.5 ಮಿಲಿಗ್ರಾಂ ಇರುವಂಥದು. ನಾಯಿಗಳ ಬಾಟಲಿಯಲ್ಲಿ ಅದೇ ಔಷಧಿ 1.5 ಮಿಲಿಗ್ರಾಂ ಇರುತ್ತದೆ. ಮನೆಯಲ್ಲಿ ನಾಯಿಯೂ ಇದ್ದರೆ ಎರಡು ಬಾಟಲಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಡಿ. ಔಷಧಿಯನ್ನು ಆಹಾರದೊಂದಿಗೆ ಅಥವಾ ಆಹಾರದ ನಂತರ ಕೊಡಬೇಕು, ಮತ್ತು ಬೆಕ್ಕು ಏನೂ ತಿನ್ನದಿದ್ದ ದಿನ ಕೇಳದೆ ಕೊಡಬಾರದು. ಮರುಭೇಟಿಯ ದಿನಾಂಕವನ್ನೂ ಬಾಯಿಬಿಟ್ಟು ಓದಿಸಿಕೊಳ್ಳಿ. 04/05 ಎಂದರೆ ಒಂದು ದೇಶದಲ್ಲಿ ಮೇ ನಾಲ್ಕು, ಇನ್ನೊಂದರಲ್ಲಿ ಏಪ್ರಿಲ್ ಐದು.

ಮೊದಲ ರಾತ್ರಿ

ಬೆಕ್ಕನ್ನು ಹೊತ್ತು ತಂದ ಪೆಟ್ಟಿಗೆಯನ್ನು (ಕ್ಯಾರಿಯರ್) ನೆಲದ ಮೇಲಿಟ್ಟು ಬಾಗಿಲು ತೆರೆದು ಸುಮ್ಮನಿದ್ದುಬಿಡಿ. ಬೆಕ್ಕು ತಾನಾಗಿ ಹೊರಬರಲಿ. ಹಿಂಗಾಲುಗಳು ಓಲಾಡುತ್ತವೆ, ಕಣ್ಣಿನ ಪಾಪೆ ಅಗಲವಾಗಿರುತ್ತದೆ, ಕಣ್ಣಿನ ಒಳಮೂಲೆಯಿಂದ ಬಿಳಿಯ ಪೊರೆಯೊಂದು ಅರ್ಧ ಸರಿದಿರುತ್ತದೆ. ಅದು ಬೆಕ್ಕಿನ ಮೂರನೆಯ ರೆಪ್ಪೆ. ಅರಿವಳಿಕೆಯ ಮಂಪರು ಇಳಿದಂತೆ, ಒಂದು ದಿನದೊಳಗೆ ಹಿಂದೆ ಸರಿಯುತ್ತದೆ. ಅರಿವಳಿಕೆಯಿಂದ ದೇಹದ ಕಾವು ತಗ್ಗುವುದರಿಂದ ಕೋಣೆ ಬೆಚ್ಚಗಿರಬೇಕು. ಬಿಸಿನೀರಿನ ಚೀಲವನ್ನು ಇಡುವುದಾದರೆ ದಪ್ಪ ಟವೆಲಿನಲ್ಲಿ ಸುತ್ತಿ, ಸಾಕೆನಿಸಿದಾಗ ಬೆಕ್ಕು ದೂರ ಸರಿಯಲು ಜಾಗವಿರುವಂತೆ ಇಡಿ. ಮಂಪರಿನಲ್ಲಿರುವ ಪ್ರಾಣಿಗೆ ಚರ್ಮ ಸುಡುವುದು ಗೊತ್ತಾಗುವುದಿಲ್ಲ.

ಮಾಮೂಲಿ ಊಟದ ಕಾಲು ಭಾಗದಷ್ಟನ್ನು ಮಾತ್ರ ಕೊಡಿ; ಅದು ಹೊಟ್ಟೆಯಲ್ಲಿ ನಿಂತರೆ ಒಂದೆರಡು ಗಂಟೆ ಬಿಟ್ಟು ಇನ್ನಷ್ಟು. ಒಮ್ಮೆ ವಾಂತಿಯಾದರೆ ಹೆದರಬೇಕಿಲ್ಲ, ಮರುಕಳಿಸುತ್ತಿದ್ದರೆ ಕರೆ ಮಾಡಿ. ಮನೆಯಲ್ಲಿ ಇನ್ನೊಂದು ಬೆಕ್ಕಿದ್ದರೆ ಅದು ಒಡಹುಟ್ಟನ್ನೇ ಕಂಡು ಬುಸುಗುಟ್ಟಿದರೂ ಆಶ್ಚರ್ಯವಿಲ್ಲ, ಏಕೆಂದರೆ ಮನೆಗೆ ಬಂದದ್ದು ಆಸ್ಪತ್ರೆಯ ವಾಸನೆ ಹೊತ್ತ ಅಪರಿಚಿತ ಬೆಕ್ಕು. ಒಂದೆರಡು ದಿನ ಎರಡನ್ನೂ ಬೇರೆಯಾಗಿಡಿ.

ನೋವು ಕಾಣುವುದು ಮುಖದಲ್ಲಿ

ಬೆಕ್ಕು ನೋವಿಗೆ ಕೂಗುವುದು ಅಪರೂಪ, ಮತ್ತು ಗುರುಗುಟ್ಟುತ್ತಿದೆ ಎಂದ ಮಾತ್ರಕ್ಕೆ ಹಾಯಾಗಿದೆ ಎನ್ನಲಾಗದು. ನೋವಿನಲ್ಲಿಯೂ ಅದು ಗುರುಗುಟ್ಟುತ್ತದೆ. ಇದಕ್ಕಿಂತ ನಂಬಿಕೆಗೆ ಅರ್ಹವಾದ ಅಳತೆಗೋಲೊಂದನ್ನು ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯ ತಂಡ 2019ರಲ್ಲಿ ಪ್ರಕಟಿಸಿತು. ಕಿವಿ, ಕಣ್ಣು, ಮೂತಿ, ಮೀಸೆ, ತಲೆ ಈ ಐದನ್ನು ನೋಡಿ ಒಂದೊಂದಕ್ಕೂ 0ಯಿಂದ 2ರವರೆಗೆ ಅಂಕ ಹಾಕುವುದು ಅದರ ಕ್ರಮ. ಕಿವಿಗಳು ಮುಂದಕ್ಕೆ ನೆಟ್ಟಗಿವೆಯೇ, ಅಥವಾ ಪಕ್ಕಕ್ಕೆ ತಿರುಗಿ ಒಂದರಿಂದೊಂದು ದೂರವಾಗಿವೆಯೇ, ಕಣ್ಣು ಕಿರಿದಾಗಿದೆಯೇ, ಮೂತಿ ಬಿಗಿದು ದುಂಡಗಿನ ಆಕಾರ ಹೋಗಿದೆಯೇ, ಮೀಸೆ ಬಾಗದೆ ನೇರವಾಗಿ ಚಾಚಿದೆಯೇ, ತಲೆ ಹೆಗಲಿಗಿಂತ ಕೆಳಗೆ ಜೋತಿದೆಯೇ. ಹತ್ತಕ್ಕೆ ನಾಲ್ಕು ಅಥವಾ ಹೆಚ್ಚು ಅಂಕ ಬಂದರೆ ನೋವಿಗೆ ಔಷಧಿ ಸಾಲುತ್ತಿಲ್ಲವೆಂದು ಅರ್ಥ, ವೈದ್ಯರಿಗೆ ತಿಳಿಸಬೇಕು. ನಿದ್ದೆ ಮಾಡುವಾಗಲೋ ಮೈ ನೆಕ್ಕಿಕೊಳ್ಳುವಾಗಲೋ ಅಂಕ ಹಾಕಬಾರದು. ಭಾಷೆ ಬಾರದ ಕಡೆ ಈ ಅಂಕ ಬಹಳ ಉಪಯೋಗಕ್ಕೆ ಬರುತ್ತದೆ, ಏಕೆಂದರೆ “ಯಾಕೋ ಮಂಕಾಗಿದೆ” ಎಂಬುದನ್ನು ಅನುವಾದಿಸಲು ಒದ್ದಾಡಬೇಕು, “ಹತ್ತಕ್ಕೆ ಆರು” ಎಂಬುದನ್ನು ಅನುವಾದಿಸಬೇಕಿಲ್ಲ.

ಊರಿನಿಂದ ತಂದ ಮಾತ್ರೆಗಳ ಪೊಟ್ಟಣವನ್ನು ಮಾತ್ರ ಮುಟ್ಟಬೇಡಿ. ಪ್ಯಾರಾಸಿಟಮಾಲನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ಇಲ್ಲವೆನ್ನುವಷ್ಟು ಕಡಿಮೆ. ಅದು ರಕ್ತದಲ್ಲಿ ಉಳಿದು ಆಮ್ಲಜನಕ ಹೊರುವ ಕಣಗಳನ್ನೇ ಕೆಡಿಸುವುದರಿಂದ ಅರ್ಧ ಮಾತ್ರೆಯೂ ಪ್ರಾಣ ತೆಗೆಯಬಲ್ಲದು. ಅಮೆರಿಕದಂಥ ದೇಶಗಳಲ್ಲಿ ಇದೇ ಔಷಧಿಯ ಹೆಸರು ಅಸೆಟಮಿನೋಫೆನ್ ಎಂಬುದೂ ನೆನಪಿರಲಿ. ಐಬುಪ್ರೊಫೆನ್ ಸಹ ಸಲ್ಲದು. ಇನ್ನೊಂದು ಮಾತು: ಬೆಕ್ಕಿಗೆ ಶಸ್ತ್ರಚಿಕಿತ್ಸೆಯಾಯಿತೆಂದು ಸಹೋದ್ಯೋಗಿಗಳು ಪ್ರೀತಿಯಿಂದ ಹೂಗುಚ್ಛ ತಂದರೆ ಅದರಲ್ಲಿ ಲಿಲ್ಲಿ ಇದೆಯೇ ನೋಡಿ. ಲಿಲ್ಲಿಯ ಪರಾಗ ಮೈಮೇಲೆ ಉದುರಿ, ಅದನ್ನು ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡುತ್ತದೆ.

ಗಾಯ ಮತ್ತು ಕೋನ್

ದಿನಕ್ಕೆರಡು ಬಾರಿ, ಒಂದೇ ಜಾಗದಲ್ಲಿ ಒಂದೇ ಬೆಳಕಿನಲ್ಲಿ ಗಾಯದ ಫೋಟೊ ತೆಗೆದಿಡಿ. ನಿನ್ನೆಗಿಂತ ಇಂದು ಕೆಂಪು ಹೆಚ್ಚಿದೆಯೇ ಎಂಬ ಪ್ರಶ್ನೆಗೆ ನೆನಪು ಸರಿಯಾದ ಉತ್ತರ ಕೊಡುವುದಿಲ್ಲ. ಅಂಚಿನಲ್ಲಿ ತುಸು ಕೆಂಪು, ನಸುನೀಲಿ ಕಂದು, ಮೊದಲ ದಿನ ಒಂದೆರಡು ಹನಿ ತೆಳುರಕ್ತ ಇವೆಲ್ಲ ಸಹಜ. ನಾಲ್ಕೈದು ದಿನಗಳ ನಂತರ ಗೆರೆಯಡಿ ಬಟಾಣಿಯಂಥ ಗಟ್ಟಿ ಗಂಟು ಕೈಗೆ ಸಿಗಬಹುದು. ಕರಗುವ ದಾರಕ್ಕೆ ದೇಹ ತೋರುವ ಪ್ರತಿಕ್ರಿಯೆ ಅದು, ಕೆಲವು ವಾರಗಳಲ್ಲಿ ಇಳಿಯುತ್ತದೆ. ಗಂಟು ದಿನೇ ದಿನೇ ದೊಡ್ಡದಾದರೆ, ಬಿಸಿಯಾದರೆ, ಕೀವು ಅಥವಾ ದುರ್ವಾಸನೆ ಬಂದರೆ, ಅಂಚುಗಳು ಬಿಟ್ಟುಕೊಂಡರೆ ತೋರಿಸಲೇಬೇಕು. ಗಾಯದ ಹತ್ತಿರ ಹಸಿರು ಗೆರೆಯೊಂದನ್ನು ಕಂಡು ನಂಜಾಯಿತೆಂದು ಕಂಗಾಲಾಗುವವರೂ ಇದ್ದಾರೆ. ಈ ಬೆಕ್ಕಿಗೆ ಮತ್ತೆ ಹೊಟ್ಟೆ ಕೊಯ್ಯಬೇಕಿಲ್ಲವೆಂದು ಮುಂದಿನ ವೈದ್ಯರಿಗೆ ತಿಳಿಯಲೆಂದು ಕೆಲವು ದೇಶಗಳಲ್ಲಿ ಹಾಕುವ ಹಚ್ಚೆ ಅದು.

ಗಾಯಕ್ಕೆ ಏನನ್ನೂ ಹಚ್ಚಬೇಡಿ. ಹೈಡ್ರೋಜನ್ ಪೆರಾಕ್ಸೈಡ್ ಹೊಸದಾಗಿ ಕೂಡುತ್ತಿರುವ ಚರ್ಮವನ್ನು ಸುಡುತ್ತದೆ. ಫಿನಾಲ್ ಬೆರೆತ ಕ್ರಿಮಿನಾಶಕಗಳೂ ಟೀ ಟ್ರೀ ಎಣ್ಣೆಯೂ ಬೆಕ್ಕಿಗೆ ವಿಷ. ಹೊಲಿಗೆ ಮಾಯುವ ತನಕ ಸ್ನಾನವೂ ಬೇಡ.

ಬೆಕ್ಕಿನ ನಾಲಿಗೆಯ ಮೇಲೆ ಹಿಂದಕ್ಕೆ ಬಾಗಿದ ಗಟ್ಟಿ ಮುಳ್ಳುಗಳಿವೆ. ನೆಕ್ಕತೊಡಗಿದರೆ ಕೆಲವೇ ನಿಮಿಷಗಳಲ್ಲಿ ದಾರದ ಗಂಟು ಸಡಿಲವಾಗಬಹುದು, ಹಾಗಾಗಿ ಕೋನ್, ಅಂದರೆ ಗಾಯಕ್ಕೆ ಬಾಯಿ ತಾಗದಂತೆ ಕೊರಳಿಗೆ ಕಟ್ಟುವ ಲಾಳಿಕೆಯಾಕಾರದ ಕವಚ, ಹಗಲೂ ರಾತ್ರಿಯೂ ಕೊರಳಲ್ಲಿರಬೇಕು. ಅದರ ಅಂಚು ಮೂಗಿನ ತುದಿಗಿಂತ ಮುಂದೆ ಚಾಚಿರಬೇಕು, ಕೊರಳಿಗೂ ಪಟ್ಟಿಗೂ ನಡುವೆ ಒಂದೆರಡು ಬೆರಳು ಸರಾಗವಾಗಿ ಹೋಗಬೇಕು. ಮೊದಲ ದಿನ ಬೆಕ್ಕು ಹಿಂದಕ್ಕೆ ಹಿಂದಕ್ಕೆ ನಡೆಯುತ್ತದೆ, ಬಾಗಿಲ ಚೌಕಟ್ಟಿಗೆ ಡಿಕ್ಕಿ ಹೊಡೆಯುತ್ತದೆ, ಕೊನೆಗೆ ಮೂಲೆಯಲ್ಲಿ ಮುನಿಸಿಕೊಂಡು ಕೂರುತ್ತದೆ. ಕನಿಕರಪಟ್ಟು ಬಿಚ್ಚಿದ ರಾತ್ರಿಯೇ ಹೊಲಿಗೆ ಕಿತ್ತು ಬಂದ ಬೆಕ್ಕುಗಳನ್ನು ವೈದ್ಯರು ಸಾಕಷ್ಟು ಕಂಡಿರುತ್ತಾರೆ. ಬಟ್ಟಲನ್ನು ತುಸು ಎತ್ತರದಲ್ಲಿಟ್ಟರೆ ಕೋನಿನೊಂದಿಗೇ ತಿನ್ನಲು ಕಲಿಯುತ್ತದೆ. ಒಪ್ಪದಿದ್ದರೆ ಮೈಗೆ ತೊಡಿಸುವ ಬಟ್ಟೆಯ ಸರ್ಜಿಕಲ್ ಸೂಟ್ ಆಗಬಹುದು, ಆದರೆ ಮೂತ್ರದಿಂದ ಒದ್ದೆಯಾದ ಸೂಟನ್ನು ತಕ್ಷಣ ಬದಲಿಸಬೇಕಾದ್ದರಿಂದ ಎರಡು ಇಟ್ಟುಕೊಳ್ಳಿ.

ಮೂರನೆಯ ದಿನದಿಂದ

ನನ್ನ ಲೆಕ್ಕದಲ್ಲಿ ಕಷ್ಟದ ಕಾಲ ಮೊದಲ ರಾತ್ರಿಯಲ್ಲ, ಮೂರನೆಯ ದಿನದ ನಂತರದ ವಾರ. ಬೆಕ್ಕಿಗೆ ನೋವು ಮರೆತಿರುತ್ತದೆ, ಒಳಗಿನ ಹೊಲಿಗೆ ಇನ್ನೂ ಹಸಿಯಾಗಿರುತ್ತದೆ. ಪರದೆ ಹತ್ತುವುದು, ಕಪಾಟಿನಿಂದ ಧುಮುಕುವುದು, ಕೋಲಿಗೆ ಕಟ್ಟಿದ ಗರಿಯ ಆಟ ಎಲ್ಲವೂ ಹತ್ತು ದಿನ ಬಂದ್. ಬದಲಿಗೆ ಟವೆಲಿನ ಮಡಿಕೆಗಳಲ್ಲಿ ಒಣ ಆಹಾರದ ಕಾಳುಗಳನ್ನು ಅಡಗಿಸಿಟ್ಟರೆ, ಕೂತಲ್ಲೇ ಮೂಗಿಗೂ ಪಂಜಕ್ಕೂ ಕೆಲಸ ಸಿಗುತ್ತದೆ. ಒಬ್ಬರೇ ಇದ್ದು ಕೆಲಸಕ್ಕೆ ಹೋಗುವವರು ಶಸ್ತ್ರಚಿಕಿತ್ಸೆಯ ಮರುದಿನವಾದರೂ ರಜೆ ಹಾಕುವಂತೆ ದಿನ ಗೊತ್ತುಮಾಡುವುದು ಒಳ್ಳೆಯದು. ಉಳಿದ ದಿನ ಹೊರಡುವಾಗ ಬೆಕ್ಕನ್ನು ಆ ಚಿಕ್ಕ ಕೋಣೆಯಲ್ಲೋ ದೊಡ್ಡ ಪಂಜರದಲ್ಲೋ ಬಿಡಿ. ಎರಡು ದಿನ ಮಲ ವಿಸರ್ಜನೆ ಆಗದಿದ್ದರೆ ಚಿಂತೆಯಿಲ್ಲ, ಮೂರನೆಯ ದಿನವೂ ಆಗದಿದ್ದರೆ ವಿಚಾರಿಸಿ. ಮೂತ್ರ ಮಾತ್ರ 24 ಗಂಟೆಯೊಳಗೆ ಆಗಲೇಬೇಕು.

ತಡಮಾಡದೆ ಕರೆ ಮಾಡಬೇಕಾದ ಸಂದರ್ಭಗಳೂ ಇವೆ. ಮೇಲ್ದುಟಿ ಎತ್ತಿ ಒಸಡನ್ನು ಬೆರಳಿನಿಂದ ಒತ್ತಿ ಬಿಡಿ. ಬಿಳಿಯಾದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಆಗದಿದ್ದರೆ, ಅಥವಾ ಒಸಡೆಲ್ಲ ಮೊದಲೇ ಬಿಳಿಚಿದ್ದು ಬೆಕ್ಕು ಕುಸಿದಂತಿದ್ದರೆ, ಒಳಗೆ ರಕ್ತ ಸೋರುತ್ತಿರಬಹುದು. ಮಲಗಿದ್ದಾಗ ಉಸಿರು ನಿಮಿಷಕ್ಕೆ 40 ದಾಟುವುದು, ಬಾಯಿ ತೆರೆದು ಉಸಿರಾಡುವುದು, ಹೊಟ್ಟೆ ಉಬ್ಬುವುದು, 24 ಗಂಟೆ ಕಳೆದರೂ ಏನನ್ನೂ ತಿನ್ನದಿರುವುದು ಇವು ಬೆಳಗಿನ ತನಕ ಕಾಯುವ ವಿಷಯಗಳಲ್ಲ. ಫೋನಿನಲ್ಲಿ ಜ್ವರದ ಮಾತು ಬಂದರೆ ಅಳತೆಯ ಗೊಂದಲವಾಗದಿರಲಿ: ಬೆಕ್ಕಿನ ಸಹಜ ಕಾವು ಸುಮಾರು 38ರಿಂದ 39.2 ಡಿಗ್ರಿ ಸೆಲ್ಸಿಯಸ್, ಫ್ಯಾರನ್‌ಹೀಟಿನಲ್ಲಿ 100.5ರಿಂದ 102.5.

ಹೊಲಿಗೆ ಬಿಚ್ಚಿದ ಮೇಲೆ

ಅಂಡಾಶಯ ಹೋದ ನಂತರ ಬೆಕ್ಕಿಗೆ ಹಸಿವು ಹೆಚ್ಚುತ್ತದೆ, ದೇಹಕ್ಕೆ ಬೇಕಾದ ಶಕ್ತಿ ಮಾತ್ರ ಕಡಿಮೆಯಾಗುತ್ತದೆ. ಮರಿಗಳ ಆಹಾರವನ್ನು ಬೆಳವಣಿಗೆ ಮುಗಿಯುವ ತನಕ ನಿಲ್ಲಿಸಬೇಕಿಲ್ಲ, ಆದರೆ ಬಟ್ಟಲನ್ನು ಸದಾ ತುಂಬಿಡದೆ ಅಳೆದು ಹಾಕಿ, ತಿಂಗಳಿಗೊಮ್ಮೆ ತೂಕ ನೋಡಿ. ಸಯಾಮಿ ತಳಿಯ ಬೆಕ್ಕಾಗಿದ್ದರೆ ಬೋಳಿಸಿದ ಜಾಗದಲ್ಲಿ ಕಪ್ಪನೆಯ ಕೂದಲು ಹುಟ್ಟಬಹುದು. ಆ ತಳಿಯಲ್ಲಿ ಬಣ್ಣ ತಯಾರಾಗುವುದು ಚರ್ಮ ತಂಪಾದ ಕಡೆ. ಮುಂದೆ ಕೂದಲು ಉದುರಿ ಹುಟ್ಟುವಾಗ ಅದು ಹಳೆಯ ಬಣ್ಣಕ್ಕೆ ಮರಳುತ್ತದೆ. ತಿಂಗಳುಗಳ ನಂತರ ಬೆಕ್ಕು ಮತ್ತೆ ಬೆದೆಗೆ ಬಂದಂತೆ ಕೂಗಿ ಹೊರಳಾಡಿದರೆ ಅಂಡಾಶಯದ ಚೂರು ಒಳಗೆ ಉಳಿದಿರುವ ಸಾಧ್ಯತೆಯಿದೆ, ಪರೀಕ್ಷೆ ಮಾಡಿಸಬೇಕು. ಡಿಸ್ಚಾರ್ಜ್ ಚೀಟಿ, ಮೈಕ್ರೋಚಿಪ್ಪಿನ 15 ಅಂಕಿಯ ಸಂಖ್ಯೆ, ಲಸಿಕೆಯ ಪುಸ್ತಕ ಮೂರನ್ನೂ ಒಂದೇ ಲಕೋಟೆಯಲ್ಲಿ ಹಾಕಿ, ನಿಮ್ಮ ಪಾಸ್‌ಪೋರ್ಟ್ ಇಡುವ ಜಾಗದಲ್ಲೇ ಇಡಿ.