ಹೈಡ್ರಾ ಸ್ಟಾರ್ಟ್ ಮಾಡುವ ಮೊದಲು ರೋಪ್ ನೋಡಿ

ಸೈಟ್‌ನಲ್ಲಿ ಹೈಡ್ರಾ ಕ್ರೇನ್ ಓಡಿಸುವ ಗೆಳೆಯರೇ, ಟೈರ್, ಬ್ರೇಕ್, ಹಾರ್ನ್, ಆಯಿಲ್ ಲೀಕ್ ನೀವು ದಿನಾ ನೋಡುತ್ತೀರಿ, ಅಲ್ವಾ? ಲೋಡ್ ಎತ್ತುವ ವೈರ್ ರೋಪ್, ಅಂದರೆ ತಂತಿಗಳನ್ನು ಹೆಣೆದ ಉಕ್ಕಿನ ಹಗ್ಗ ಮಾತ್ರ ಎಷ್ಟೋ ಸಲ ಬಿಟ್ಟುಹೋಗುತ್ತದೆ. ನನಗೆ ಜಾಸ್ತಿ ಭಯ ಅದರದ್ದೇ.

ರೋಪ್ 16 ಮಿ.ಮೀ. ದಪ್ಪ ಇದೆ ಅನ್ನಿ. ಅದರ ಎಂಟರಷ್ಟು, ಅಂದರೆ 128 ಮಿ.ಮೀ. ಉದ್ದದಲ್ಲಿ ತುಂಡಾದ ತಂತಿ ಎಣಿಸಿ. ಒಟ್ಟು ತಂತಿಗಳಲ್ಲಿ ನೂರಕ್ಕೆ 10ಕ್ಕಿಂತ ಜಾಸ್ತಿ ಹೋಗಿದ್ದರೆ ಆ ರೋಪ್ ಬಳಸುವಂತಿಲ್ಲ. 114 ತಂತಿಯ ರೋಪ್‌ನಲ್ಲಿ 12 ತುಂಡಾದರೆ ಮುಗಿಯಿತು. ಬರಿಗೈಯಲ್ಲಿ ಸವರಬೇಡಿ, ತಂತಿ ಚುಚ್ಚುತ್ತದೆ. ರೋಪ್ ನಜ್ಜುಗುಜ್ಜಾಗಿದ್ದರೆ, ಗಂಟು ಬಿದ್ದಿದ್ದರೆ ಎಣಿಸುತ್ತಾ ಕೂರಬೇಡಿ, ಬದಲಾಯಿಸಿ. ಹುಕ್ಕಿನ ಲಾಕ್ ಸ್ಪ್ರಿಂಗ್ ತಾನಾಗಿ ಮುಚ್ಚಬೇಕು. ತಂತಿ ಸುತ್ತಿ ಕಟ್ಟಿದ ಲಾಕ್ ಲಾಕೇ ಅಲ್ಲ.

ಸ್ಲಿಂಗ್, ಅಂದರೆ ಲೋಡನ್ನು ಹುಕ್ಕಿಗೆ ನೇತುಹಾಕುವ ಹಗ್ಗ ಅಥವಾ ಚೈನ್, ಕಟ್ಟುವಾಗ ಕೋನ ನೋಡಿ. 1 ಟನ್ ತೂಕವನ್ನು ಎರಡು ಕಾಲಿನ ಸ್ಲಿಂಗ್‌ನಲ್ಲಿ ನೇರವಾಗಿ ಎತ್ತಿದರೆ ಒಂದೊಂದಕ್ಕೆ ಅರ್ಧ ಟನ್ ಬೀಳುತ್ತದೆ. ಅದೇ ಸ್ಲಿಂಗ್ ಅಗಲವಾಗಿ ಹರಡಿ, ನೆಲಕ್ಕೆ 30 ಡಿಗ್ರಿಯಷ್ಟು ಮಲಗಿದರೆ ಒಂದೊಂದರ ಮೇಲೂ ಪೂರ್ತಿ 1 ಟನ್! ತೂಕ ಅಷ್ಟೇ, ಎಳೆತ ಡಬಲ್.

ಮೇಲೆ ಕರೆಂಟ್ ವೈರ್ ಇದೆಯಾ ಅಂತ ಕತ್ತೆತ್ತಿ ನೋಡಿ. ಆಮೇಲೆ ಲೋಡನ್ನು ನೆಲದಿಂದ ಸ್ವಲ್ಪವೇ ಎತ್ತಿ ನಿಲ್ಲಿಸಿ. ಜಾರಿದರೆ, ವಾಲಿದರೆ ಇಳಿಸಿ, ಮತ್ತೆ ಕಟ್ಟಿಸಿ. ಹೆಲ್ಪರ್ ಹುಡುಗರು ಲೋಡ್ ಹಿಡಿದುಕೊಂಡು ಪಕ್ಕದಲ್ಲಿ ನಡೆಯಲು ಬಿಡಬೇಡಿ. ಹಗ್ಗ ಕಟ್ಟಿ ದೂರದಿಂದ ಹಿಡಿಯಲಿ. ಸೂಪರ್‌ವೈಸರ್ ಅವಸರ ಮಾಡಿದರೂ ಇಷ್ಟು ಮುಗಿಯುವವರೆಗೆ ಲಿವರ್ ಮುಟ್ಟಬೇಡಿ.