ಕಡಲ ಬದಿಯ ಕಾರಿಗೆ ಕಿಲೋಮೀಟರ್ ಲೆಕ್ಕ ಸಾಲದು

ಕಾರವಾರದ ಕೋಡಿಬಾಗದಲ್ಲಿ ಮನೆಯ ಮುಂದೆ ಬಯಲಿನಲ್ಲೇ ನಿಲ್ಲುವ ನನ್ನ ಆಲ್ಟೊ ಹದಿನಾಲ್ಕು ಮಳೆಗಾಲಗಳನ್ನು ಕಂಡಿದ್ದು, ಅದರ ನೆಲದ ತಗಡು ಇಂದಿಗೂ ಮೂಲದ್ದೇ ಆಗಿದೆ. ಎಂಟು ವರ್ಷಕ್ಕೆ ನೆಲ ತೂತಾಗುವುದು ಖಂಡಿತವೆಂದಿದ್ದ ಟಿಂಕರಿಂಗ್ ಮೇಸ್ತ್ರಿ, ಕಳೆದ ದೀಪಾವಳಿಯ ನಂತರ ಅದೇ ತಗಡನ್ನು ಸ್ಕ್ರೂಡ್ರೈವರ್‌ನಿಂದ ಕುಟ್ಟಿ ನೋಡಿ, ಏನು ಬಳಿದಿದ್ದೀರಿ ಎಂದು ಕೇಳಿದರು.

ಸರ್ವಿಸ್ ಪುಸ್ತಕವು ಹತ್ತು ಸಾವಿರ ಕಿ.ಮೀ. ಅಥವಾ ಒಂದು ವರ್ಷ ಎನ್ನುತ್ತದೆ. ವರ್ಷಕ್ಕೆ ನಾಲ್ಕೈದು ಸಾವಿರ ಕಿ.ಮೀ. ಓಡುವ ಗಾಡಿಯ ಎಂಜಿನ್‌ಗೆ ಆ ಲೆಕ್ಕ ಸಾಕು. ಆದರೆ ನಿಂತಲ್ಲೇ ಉಪ್ಪುಗಾಳಿ ತಿನ್ನುವ ತಗಡಿಗೆ ಸಾಲದು. ಆದ್ದರಿಂದ ಮೇ ತಿಂಗಳ ಕೊನೆಗೊಮ್ಮೆ, ದೀಪಾವಳಿ ಕಳೆದ ಮೇಲೊಮ್ಮೆ ಎಂದು ತಗಡಿನ ಆರೈಕೆಯನ್ನು ನಾನು ಮಳೆಗೇ ಗಂಟು ಹಾಕಿದೆ.

ಮೊದಲು ಹಣ ಹೋದದ್ದು ಗಾಡಿಯ ಅಡಿಭಾಗಕ್ಕೆ ಬಳಿಯುವ ರಬ್ಬರ್ ಕೋಟಿಂಗಿಗೆ. ಸುಮಾರು ಐದು ಸಾವಿರ ತೆಗೆದುಕೊಂಡು, ಮೂಲೆಗಳಲ್ಲಿದ್ದ ಉಪ್ಪನ್ನೂ ಕೆಮ್ಮಣ್ಣನ್ನೂ ತೊಳೆಯದೆ ಅದರ ಮೇಲೆಯೇ ಬಳಿದಿದ್ದರು. ಮೂರನೆಯ ವರ್ಷಕ್ಕೆ ಅಂಚು ಎದ್ದು, ಒಳಹೊಕ್ಕ ನೀರು ಹೊರಬರಲು ದಾರಿಯಿಲ್ಲದೆ, ಹಿಂದಿನ ಚಕ್ರದ ಮೇಲಿನ ತಗಡು ಕೋಟಿಂಗಿನ ಮರೆಯಲ್ಲಿ ಹಪ್ಪಳದಂತಾಗಿತ್ತು. ತೇಪೆಗೂ ಬಣ್ಣಕ್ಕೂ ಹದಿನೆಂಟು ಸಾವಿರದಷ್ಟಾಯಿತು. ಈಗ ನೆಲಕ್ಕೆ ಕೋಟಿಂಗ್ ಇಲ್ಲವೇ ಇಲ್ಲ. ಸಿಹಿನೀರಿನಿಂದ ಅಡಿಭಾಗವನ್ನು ತೊಳೆದು, ಬಾಗಿಲುಗಳ ಮತ್ತು ಹೊಸ್ತಿಲಪಟ್ಟಿಯ ಕೆಳಗಿನ ನೀರುತೂತುಗಳನ್ನು ಸೈಕಲ್ ಕಡ್ಡಿಯಿಂದ ಬಿಡಿಸಿ, ಎರಡು-ಮೂರು ಬಿಸಿಲು ಕಾಣಿಸಿದ ಮೇಲೆ ಮೇಣದ ದ್ರವವನ್ನು ಒಳಗೂ ಅಡಿಗೂ ಸಿಂಪಡಿಸುತ್ತೇನೆ. ಬಾವಿಯ ನೀರು ಉಪ್ಪಾಗಿದ್ದರೆ ತೊಳೆಯದಿರುವುದೇ ಲೇಸು. ಮೇಣಕ್ಕೆ ಏನನ್ನು ಎಷ್ಟು ಬೆರೆಸುತ್ತೇನೆಂಬುದು ಸದ್ಯಕ್ಕೆ ನನ್ನಲ್ಲೇ ಇರಲಿ.

ಹಳೆಯ ಎಂಜಿನ್ ಆಯಿಲ್ ಸಾಕೆಂದು ವಾದಿಸುವವರಿಗಾಗಿ ಎಡಬಾಗಿಲಿಗೆ ಅದನ್ನೂ ಬಲಬಾಗಿಲಿಗೆ ನನ್ನ ಮಿಶ್ರಣವನ್ನೂ ಹಾಕಿ ನೋಡಿದೆ. ಎರಡು ಮಳೆಗಾಲದೊಳಗೆ ಎಡಬದಿಯ ಎಣ್ಣೆ ಅಂಗಳಕ್ಕಿಳಿದು, ಬಾಗಿಲಿನ ರಬ್ಬರೂ ಉಬ್ಬಿತು. ಬಲಬದಿ ಹಾಗೆಯೇ ಇದೆ. ಬ್ಯಾಟರಿಯ ಟರ್ಮಿನಲ್‌ಗೆ ತೆಂಗಿನೆಣ್ಣೆ ಸವರಿದಾಗ ಇರುವೆಗಳು ಬಂದವು. ಅಲ್ಲಿಗೆ ವ್ಯಾಸಲೀನೇ ಸರಿ.

ತಗಡಿನಷ್ಟೇ ಗಮನ ಬೇಡುವುದು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರುತ್ತದೆ, ತೇವ ಹೀರಿದಷ್ಟೂ ಬೇಗ ಕುದಿಯುತ್ತದೆ. ಶಿರಸಿಯಿಂದ ಕುಮಟೆಗೆ ದೇವಿಮನೆ ಘಟ್ಟ ಇಳಿಯುವಾಗ ಪೆಡಲ್ ಮೆತ್ತಗಾದರೆ ಕಾರಣವನ್ನು ಮೊದಲು ಅಲ್ಲಿ ಹುಡುಕಬೇಕು. ಮೀಟರ್ ಏನೇ ಹೇಳಲಿ, ಎರಡು ವರ್ಷಕ್ಕೊಮ್ಮೆ ಆರುನೂರು ರೂಪಾಯಿಯಷ್ಟು ಕೊಟ್ಟು ಬದಲಿಸುತ್ತೇನೆ, ಏಕೆಂದರೆ ಆ ತೇವದಿಂದ ಒಳಗೇ ತುಕ್ಕು ಹಿಡಿದ ವೀಲ್ ಸಿಲಿಂಡರ್‌ಗಳಿಗೆ (ಚಕ್ರದಲ್ಲಿ ಬ್ರೇಕ್ ಒತ್ತುವ ಭಾಗ) ಒಮ್ಮೆ ಮೂರು ಸಾವಿರದ ಮೇಲೆ ತೆತ್ತಿದ್ದೇನೆ. ಮಳೆಗಾಲದಲ್ಲಿ ರಾತ್ರಿಯೆಲ್ಲ ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬ್ರೇಕ್ ಶೂ ಚಕ್ರದ ಡ್ರಮ್ಮಿಗೆ ಅಂಟಿಕೊಳ್ಳುವುದರಿಂದ, ಗಾಡಿಯನ್ನು ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ವಾಸಿ.

ಎಂಜಿನ್ ಆಯಿಲ್, ಫಿಲ್ಟರ್, ಮೇಣ ಎಲ್ಲ ಸೇರಿ ವರ್ಷಕ್ಕೆ ಆರೇಳು ಸಾವಿರ ಮೀರುವುದಿಲ್ಲ. ಸದ್ಯ ರೇಡಿಯೇಟರ್ ಕೆಳಗಿನ ಪಟ್ಟಿಯಲ್ಲಿ ಮಾತ್ರ ತುಕ್ಕು ಕಾಣಿಸಿದೆ. ಅಲ್ಲಿಯ ಬಿಸಿಗೆ ಮೇಣ ಕರಗಿ ಇಳಿಯುವುದರಿಂದ, ಬರುವ ಮೇ ತಿಂಗಳಲ್ಲಿ ಅದನ್ನು ಉಜ್ಜಿ ಜಿಂಕ್ ಪ್ರೈಮರ್ ಹಚ್ಚಿ ನೋಡಲಿದ್ದೇನೆ.